ಹೆಬ್ಬೆರಳು ಎಬ್ಬಿಸಿದ ಕಾಯಿ

“ನಂಬಿಕೆ ಇಲ್ಲದವನು ಇನ್ನೊಬ್ಬರಿಗಾಗಿ ಪ್ರಾರ್ಥನೆ ಮಾಡಬಹುದೇ, ಅಯ್ಯನವರೇ?” ಎಂದು ಜಯವಂತ ಕೇಳಿದ.

ಜಯವಂತ ಆರು ವರ್ಷದಿಂದ ಊರ ಚರ್ಚಿನ ಸಭಾಪಾಲಕ. ಎಲೀಯ ಅಯ್ಯನವರು ಅವನಿಗೆ ವೇದಪಾಠ ಹೇಳಿಕೊಟ್ಟ ಗುರು. ಮೂವತ್ತು ವರ್ಷ ಉಪದೇಶ ಮಾಡಿ, ಒಂದು ಭಾನುವಾರ ನಿಲುವಂಗಿಯನ್ನು ಮಡಿಸಿಟ್ಟು ಸೇವೆ ಬಿಟ್ಟವರು. ಈಗ ಅದೇ ದೇವಾಲಯದ ಕೊನೆಯ ಬೆಂಚಿನಲ್ಲಿ ಕೂತು, ಇಷ್ಟವಾದ ಕೀರ್ತನೆಗಳನ್ನು ಮಾತ್ರ ಹಾಡುತ್ತಾರೆ. ಜನ ಎಷ್ಟು ಆಡಿಕೊಂಡರೂ ಅವರ ನಿದ್ದೆ ಕೆಟ್ಟಿಲ್ಲ. ಮೊದಲಿಗಿಂತ ಮೈ ಕೂಡ ತುಂಬಿಕೊಂಡಿದೆ.

ಜಯವಂತನ ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು. ಹೋದ ವಾರ ಮಾರ್ಥಮ್ಮ ಎಂಬ ಮುದುಕಿ ಹಾಸಿಗೆ ಹಿಡಿದಿದ್ದಳು. ಅವನು ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದ. ಒಂದು ಮಾತೂ ಒಳಗಿನಿಂದ ಬಂದಿರಲಿಲ್ಲ. ಕೈ ನಡುಗಿತ್ತು. ಆದರೂ ನಾಲ್ಕು ದಿನದ ಮೇಲೆ ಮುದುಕಿ ಎದ್ದು ಕೂತು ಗಂಜಿ ಕುಡಿದಳು. ಪ್ರಾರ್ಥನೆಯಿಂದಲೇ ಉಳಿದೆ ಎಂದು ಬಂದವರಿಗೆಲ್ಲ ಹೇಳಿದಳು. ಅಂದಿನಿಂದ ಜಯವಂತನಿಗೆ ಅನ್ನ ಸೇರುತ್ತಿಲ್ಲ. ತಾನು ಮೋಸಗಾರ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಎಲೀಯ ಅಯ್ಯನವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕತೆ ಹೇಳಿದರು.

ನೀರು ತೋರಿಸುವವನು ಒಬ್ಬನಿದ್ದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವನು. ಕಾಯಿ ಎಲ್ಲಿ ಎದ್ದು ನಿಲ್ಲುವುದೋ ಅಲ್ಲಿ ಬಾವಿ ತೋಡಬೇಕು. ನೀರು ಬಿದ್ದ ದಿನ ಮೊದಲ ಬೊಗಸೆಯನ್ನು ಅವನೇ ಕುಡಿಯಬೇಕು. ಅದು ಆ ಸೀಮೆಯ ಪದ್ಧತಿ. ಇಪ್ಪತ್ತು ವರ್ಷ ಹೀಗೆ ನಡೆಯಿತು. ಕಾಯಿ ಏಕೆ ಏಳುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಏಳುತ್ತಿತ್ತಲ್ಲ, ಸಾಕಾಗಿತ್ತು.

ಒಮ್ಮೆ ರೈತ ಹೆಂಗಸೊಬ್ಬಳು ಅವನನ್ನು ಕರೆಸಿದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಹೊಲವೆಲ್ಲ ಸುತ್ತಿದ. ಕಾಯಿ ಏಳಲಿಲ್ಲ. ಹಿಂದೆ ಅರ್ಧ ಊರು ನಡೆದು ಬರುತ್ತಿತ್ತು. ಬರಿಗೈಯಲ್ಲಿ ಹೋಗಲು ಅವನಿಗೆ ನಾಚಿಕೆಯಾಯಿತು. ಹುಣಸೆಮರದ ಹತ್ತಿರ ಹೆಬ್ಬೆರಳಿನಿಂದ ಕಾಯಿಯನ್ನು ತಾನೇ ಎಬ್ಬಿಸಿ, ಇಲ್ಲಿ ತೋಡಿ ಎಂದು ಹೇಳಿ, ತಿರುಗಿ ನೋಡದೆ ಮನೆಗೆ ಹೋದ.

ಏಳನೆಯ ವಾರ ಅಲ್ಲಿ ನೀರು ಬಂತು, ಅದೂ ಸಿಹಿನೀರು. ಅವನಿಗೆ ಕರೆ ಬಂತು. ಬೊಗಸೆಯಲ್ಲಿ ನೀರು ಹಿಡಿದನಾದರೂ ಬಾಯಿಗೆ ತರಲು ಆಗಲಿಲ್ಲ. ಸುಳ್ಳಿಗೂ ನೀರು ಬರುವುದಾದರೆ, ಹಿಂದಿನ ಬಾವಿಗಳನ್ನೆಲ್ಲ ತೋರಿಸಿದ್ದು ಯಾರು? ಅವನಿಗೆ ಭಯವಾಯಿತು. ಜನ ಚದುರಿದ ಮೇಲೆ ಆ ಹೆಂಗಸಿಗೆ ಹೇಳಿಬಿಟ್ಟ.

“ತಾಯಿ, ಅವತ್ತು ಕಾಯಿ ಏಳಲಿಲ್ಲ. ನಾನೇ ಎಬ್ಬಿಸಿದೆ.”

“ಗೊತ್ತು ಕಣಪ್ಪ. ನಿನ್ನ ಹೆಬ್ಬೆರಳು ನನಗೆ ಕಾಣಿಸಿತ್ತು.”

“ಮತ್ತೆ ಯಾಕೆ ತೋಡಿಸಿದಿರಿ?”

“ನನಗೆ ಬೇಕಾಗಿದ್ದು ನೀರು. ಎಲ್ಲಾದರೂ ಒಂದು ಕಡೆ ತೋಡಲೇಬೇಕಿತ್ತು. ಒಬ್ಬಳೇ ಶುರು ಮಾಡಲು ಧೈರ್ಯ ಇರಲಿಲ್ಲ. ನೀನು ಬಂದು ಜೊತೆಗೆ ನಿಂತೆ.”

ಅವನಿಗೆ ನಗು ಬಂತು. ಬೊಗಸೆ ತುಂಬ ನೀರು ಕುಡಿದ. ಚೀಲದಲ್ಲಿದ್ದ ಕಾಯಿಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಒಡೆದು, ಚಟ್ನಿ ಅರೆದು, ರೊಟ್ಟಿಯ ಜೊತೆ ಅವನಿಗೇ ಬಡಿಸಿದಳು. ಆಮೇಲೆ ಅವನು ಯಾರಿಗೂ ನೀರು ತೋರಿಸಲಿಲ್ಲ. ಬಾವಿ ತೋಡುವವರ ಜೊತೆ ಸೇರಿ ಮಣ್ಣು ಹೊತ್ತ. ನೆಲದೊಳಗಿನ ನೀರಿನ ವಿಚಾರ ತನಗೆ ಏನೂ ಗೊತ್ತಿಲ್ಲ ಎನ್ನುತ್ತಿದ್ದ. ದಿನಾ ಕುಡಿಯುತ್ತಿದ್ದ. ಸುಖವಾಗಿದ್ದ.

ಇಷ್ಟು ಹೇಳಿ ಎಲೀಯ ಅಯ್ಯನವರು ಕನ್ನಡಕ ಒರೆಸಿಕೊಂಡರು. ಅದು ಅಯ್ಯನವರದೇ ಕತೆ ಎಂದು ಜಯವಂತನಿಗೆ ತಿಳಿಯಿತು. ಆದರೂ ಸಮಾಧಾನವಾಗಲಿಲ್ಲ. ಪತ್ರವನ್ನು ಜೇಬಿನಿಂದ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

“ಆ ಹೆಂಗಸು ನೋಡಿದ್ದಳು, ಹಾಗಾಗಿ ಅದು ಮೋಸವಾಗಲಿಲ್ಲ. ಮಾರ್ಥಮ್ಮನಿಗೆ ಪಾಪ, ಏನೂ ಗೊತ್ತಿರಲಿಲ್ಲ,” ಎಂದ.

ಎಲೀಯ ಅಯ್ಯನವರು ಕೇಳಿದರು: “ತಲೆಯ ಮೇಲಿಟ್ಟ ಕೈ ನಡುಗಿದರೆ, ಅದು ಮೊದಲು ಗೊತ್ತಾಗುವುದು ಯಾರಿಗೆ?”