ಮಾಳಿಂಗನ ನಿಧಾನದ ಪದ

ಬಹಳ ಹಿಂದೆ, ಯಾರ ಮುತ್ತಜ್ಜಿಗೂ ಲೆಕ್ಕ ಸಿಗದಷ್ಟು ಹಿಂದೆ, ಹಿರೇಕೊಳ್ಳ ಅಂತ ಒಂದು ಊರಿತ್ತು. ಈಗಲೂ ಇದೆ ಅನ್ನಿ, ಇಲ್ಲದಿದ್ದರೆ ನಾವು ಕೂತಿರುವ ಈ ಕಟ್ಟೆ ಯಾವ ಊರಿನದು? ಆಗ ಆ ಗುಡ್ಡದ ಮೇಲೆ ಕೋಟೆಯಿತ್ತು, ಕೋಟೆಯೊಳಗೆ ಸೆರೆಮನೆಯಿತ್ತು. ಸೆರೆಯವರು ಹಗಲೆಲ್ಲ ಕಲ್ಲು ಒಡೆಯಬೇಕಿತ್ತು. ಕೋಟೆಯ ದೊರೆಗೆ ಹೊಸ ಮಹಲು ಬೇಕಾಗಿತ್ತಂತೆ.

ಆ ಸೆರೆಯಲ್ಲಿ ನಮ್ಮೂರಿನ ಕುರಿಗಾರ ಮಾಳಿಂಗನಿದ್ದ. ತನ್ನ ಕುರಿ ಹೊಡೆದುಕೊಂಡು ಹೋಗುತ್ತಿದ್ದವನಿಗೆ ಬಡಿಗೆಯಿಂದ ಬಾರಿಸಿದನಂತೆ, ಆ ಕಳ್ಳನ ಒಂದು ಕಣ್ಣು ಹೋಯಿತಂತೆ. ಕೆಲವರು ಇದನ್ನು ಮುಚ್ಚಿಟ್ಟು ಮಾಳಿಂಗನನ್ನು ದೇವರು ಮಾಡುತ್ತಾರೆ. ನನಗೆ ಅದು ಸೇರುವುದಿಲ್ಲ. ತಪ್ಪು ಮಾಡಿದ್ದ, ಸೆರೆಗೆ ಹೋದ. ಹೋಗುವಾಗ ಹೆಂಡತಿ ಲಗಮವ್ವ ಬಸುರಿ. ಮಗಳು ಹುಟ್ಟಿದ ಸುದ್ದಿ ಹೇಗೋ ಮೇಲಕ್ಕೆ ಮುಟ್ಟಿತು, ಮುಖ ಮಾತ್ರ ಅವನು ನೋಡಲಿಲ್ಲ.

ಮಾಳಿಂಗನಿಗೆ ಒಳ್ಳೆಯ ಕಂಠವಿತ್ತು. ಕಲ್ಲು ಒಡೆಯುವಾಗ ತನ್ನ ತಾಯಿಯ ಬೀಸುವ ಪದದ ಧಾಟಿಯಲ್ಲಿ ಸೆರೆಯ ಸಂಕಟ ಹಾಡುತ್ತಿದ್ದ. ಒಂದು ಸಾಲನ್ನು ಎರಡು ಸಲ ಹೇಳುವುದು, ಆಮೇಲೆ ಉಳಿದದ್ದು:

ಊರ ದಾರ್ಯಾಗಿಂದ ಗಾಳಿ ಬಂತವ್ವ,
ಊರ ದಾರ್ಯಾಗಿಂದ ಗಾಳಿ ಬಂತವ್ವ,
ನನ್ನ ಹೆಸರ ಕೂಗದ ಹಾದು ಹೋತವ್ವ.

ಕೊನೆಯ ಸಾಲನ್ನು ಎಲ್ಲರೂ ಎತ್ತಿಕೊಳ್ಳುತ್ತಿದ್ದರು, ಎಲ್ಲರ ಸುತ್ತಿಗೆಯೂ ಒಟ್ಟಿಗೆ ಬೀಳುತ್ತಿತ್ತು. ಪದ ಕೇಳಿ ಕಲ್ಲು ತಾನಾಗಿ ಬಿರಿಯುತ್ತಿತ್ತು ಅಂತಾರೆ. ಹದ್ದುಗಳು ಗಾಳಿಯಲ್ಲೇ ನಿಂತು ಕೇಳುತ್ತಿದ್ದವು ಅಂತಾರೆ. ಹದ್ದಿನ ವಿಷಯ ನನಗೆ ಗೊತ್ತಿಲ್ಲ, ಆದರೆ ಪದದಲ್ಲಿ ಒಂದು ಗುಟ್ಟಿತ್ತು. ಆ ಸೆರೆಯಲ್ಲಿ ದಸ್ತಗೀರಜ್ಜ ಅಂತ ಒಬ್ಬ ಮುದುಕನಿದ್ದ, ಎರಡು ಏಟು ಹಾಕಿದರೆ ಅವನಿಗೆ ಏದುಸಿರು. ಹಿಂದೆ ಬಿದ್ದವನಿಗೆ ಕಾವಲಿನ ಜಮಾದಾರನ ಚಾಟಿ ಕಾದಿರುತ್ತಿತ್ತು. ಮಾಳಿಂಗ ಅಜ್ಜನ ಉಸಿರು ನೋಡಿಕೊಂಡು ಪದ ಎಳೆಯುತ್ತಿದ್ದ. ಎಲ್ಲರ ಸುತ್ತಿಗೆಯೂ ಅಜ್ಜನಷ್ಟೇ ನಿಧಾನವಾದರೆ ಹಿಂದೆ ಬಿದ್ದವನು ಯಾರು ಅಂತ ಹೇಗೆ ಗೊತ್ತಾಗಬೇಕು?

ಗಾಳಿ ಇತ್ತ ಬೀಸಿದ ದಿನ ಆ ಪದ ಕೆಳಗೆ ಊರಿಗೂ ಬರುತ್ತಿತ್ತು. ಲಗಮವ್ವ ಬೀಸುಕಲ್ಲಿನ ಮುಂದೆ ಕೂತು ಕೇಳುತ್ತಿದ್ದಳು, ಮಡಿಲಲ್ಲಿದ್ದ ಮಗಳಿಗೆ ಅದೇ ಜೋಗುಳ. ಗಂಡ ಬದುಕಿದ್ದಾನೆ ಅನ್ನುವುದು ಅವಳಿಗೆ ಗೊತ್ತಾಗುತ್ತಿದ್ದದ್ದು ಹಾಗೆಯೇ.

ಜಮಾದಾರನೇನು ದಡ್ಡನಲ್ಲ. ಕೈ ನಡೆಸುವುದು ಪದವೇ ಅಂತ ಒಂದು ದಿನ ಅವನಿಗೂ ಹೊಳೆಯಿತು. ಮಾಳಿಂಗನನ್ನು ಕರೆದು, ಪದ ಚುರುಕು ಮಾಡು, ಸುಗ್ಗಿಯೊಳಗೆ ಕಲ್ಲು ಮುಗಿದರೆ ನಿನ್ನ ಬೇಡಿ ಬಿಚ್ಚಿ ಮನೆಗೆ ಕಳಿಸುತ್ತೇನೆ ಅಂದನಂತೆ.

ಮಾಳಿಂಗ ಒಪ್ಪಿದ. ಹೌದು, ಒಪ್ಪಿದ, ಮಗಳ ಮುಖ ನೋಡಬೇಕಿತ್ತಲ್ಲ. ಮರುದಿನ ಬೆಳಿಗ್ಗೆ ಪದ ಓಡಿತು, ಸುತ್ತಿಗೆಗಳೂ ಓಡಿದವು. ತಾನೇ ಗುಡ್ಡ ಇಳಿದು ಊರಿಗೆ ಓಡುತ್ತಿದ್ದೇನೆ ಅನ್ನಿಸಿ ಅವನು ಕಣ್ಣು ಮುಚ್ಚಿಕೊಂಡು ಹಾಡಿದನಂತೆ. ಕಣ್ಣು ತೆರೆದಾಗ ದಸ್ತಗೀರಜ್ಜ ಕಲ್ಲಿನ ಮೇಲೆ ಬಿದ್ದಿದ್ದ, ಬೆನ್ನ ಮೇಲೆ ಚಾಟಿ ಏಳುತ್ತಿತ್ತು, ಬೀಳುತ್ತಿತ್ತು.

ಮಾಳಿಂಗ ಪದ ನಿಲ್ಲಿಸಿದ. ಹೋಗಿ ಅಜ್ಜನನ್ನು ಎಬ್ಬಿಸಿದ. ಆಮೇಲೆ ಎಂದಿಗಿಂತಲೂ ನಿಧಾನವಾಗಿ ಮತ್ತೆ ಎತ್ತಿದ. ಜಮಾದಾರ ಹತ್ತಿರ ಬಂದು, "ಮನಿ ಬ್ಯಾಡೇನು ನಿನಗ?" ಅಂದ.

"ಬೇಕ್ರಿ," ಅಂದ ಮಾಳಿಂಗ. "ಆದರ ಅಜ್ಜನ ಸುತ್ತಿಗಿ ಏಳವಲ್ದು."

ಬೇಡಿ ಬಿಚ್ಚಲಿಲ್ಲ, ಸೆರೆವಾಸ ಇನ್ನಷ್ಟು ಬೆಳೆಯಿತು. ಗುಡ್ಡದ ಮೇಲೆ ಯಾರೂ ಬಾಯಿ ಬಿಡಕೂಡದು ಅಂತ ಹುಕುಂ ಆಯಿತು. ಪದವಿಲ್ಲದೆ ಸುತ್ತಿಗೆಗಳು ಅಡ್ಡಾದಿಡ್ಡಿ ಬಿದ್ದವು, ಕೆಳಗೆ ಊರಿಗೆ ಕೇಳಿದ್ದು ಆ ಸದ್ದು ಮಾತ್ರ. ಗಂಡನಿಗೆ ಏನಾಯಿತೋ ಅಂತ ಲಗಮವ್ವ ಹೆದರಿದಳು. ಆದರೆ ಅವಳು ಅಳುತ್ತ ಕೂರಲಿಲ್ಲ. ಬೀಸುಕಲ್ಲನ್ನು ಅಂಗಳಕ್ಕೆ ಹೊರಿಸಿ ತಂದು, ಗುಡ್ಡದ ಕಡೆ ಮುಖ ಮಾಡಿ ಕೂತು, ಗಂಡನ ಪದವನ್ನು ಅದೇ ನಿಧಾನದಲ್ಲಿ ಎತ್ತಿದಳು. ಪಕ್ಕದ ಮನೆಯವಳು ದನಿಗೂಡಿಸಿದಳು, ಆಮೇಲೆ ಇಡೀ ಓಣಿಯೇ ಸೇರಿತು. ಪದ ಗುಡ್ಡ ಹತ್ತಿತು. ಮೇಲೆ ಒಂದೊಂದಾಗಿ ಸುತ್ತಿಗೆಗಳು ಜೊತೆಯಾದವು. ಹೆಂಗಸರು ಜೋಳ ಬೀಸುವುದನ್ನು ಯಾವ ಜಮಾದಾರ ತಡೆದಾನು? ಅಂದು ಗಾಳಿಯೇ ತಿರುಗಿ ಬೀಸಿತು ಅಂತಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ.

ಎಷ್ಟೋ ಸುಗ್ಗಿ ಕಳೆದ ಮೇಲೆ ಮಾಳಿಂಗ ಇಳಿದು ಬಂದ. ಅವನು ಬರಲೇ ಇಲ್ಲ, ಬಂದದ್ದು ಪದ ಮಾತ್ರ ಅಂತ ಕೆಲವರು ಅಂತಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಬಂದ. ಅಂಗಳದಲ್ಲಿ ದೊಡ್ಡವಳಾದ ಮಗಳು ಬೀಸುತ್ತಿದ್ದಳು. ಅವನು ಎದುರಿಗೆ ಕೂತು ಬೀಸುಕಲ್ಲಿನ ಗೂಟಕ್ಕೆ ಕೈ ಹಾಕಿದ. ಕಲ್ಲು ಒಡೆದು ಒಡೆದು ಆ ಕೈಯಲ್ಲಿ ಕಸುವು ಉಳಿದಿರಲಿಲ್ಲ, ಮಗಳ ವೇಗಕ್ಕೆ ಅದು ಏಳಲಿಲ್ಲ. ಮಗಳು ಅವನ ಕೈ ನೋಡಿದಳು, ಮುಖ ನೋಡಿದಳು, ಪದ ನಿಧಾನ ಮಾಡಿದಳು. ಆಮೇಲೆ ಇಬ್ಬರೂ ಕೂಡಿ ಬೀಸಿದರು.

ಅದಕ್ಕೇ ನಮ್ಮೂರಿನಲ್ಲಿ ಇಂದಿಗೂ, ಕಳೆ ಕೀಳುವುದಿರಲಿ, ರಾಶಿ ಮಾಡುವುದಿರಲಿ, ನಾಲ್ಕು ಜನ ಸೇರಿ ಕೆಲಸಕ್ಕೆ ಕೈ ಹಚ್ಚುವ ಮೊದಲು ಪದ ಎತ್ತುವವರು ಗುಡ್ಡದ ಕಡೆ ತಿರುಗಿ, "ಇವತ್ತ ಯಾರ ಕೈ ಏಳವಲ್ದು?" ಅಂತ ಕೇಳುತ್ತಾರೆ. ಆಗದವರು ನಾಚಿಕೊಳ್ಳದೆ ಹೇಳುತ್ತಾರೆ. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರ ಉಸಿರಿಗೇ ಪದ ಹಿಡಿಯುತ್ತಾರೆ. ಹೋದ ಸುಗ್ಗಿಯಲ್ಲಿ ಈ ಮುದುಕಿಯೇ ಹೇಳಿದಳು, ನನ್ನ ಕೈ ಅಂತ. ಹೊಲಕ್ಕೆ ಹೊಲವೇ ನನಗೋಸ್ಕರ ನಿಧಾನವಾಯಿತು.