ಮುಳುಗಿದ ಹಡಗಿನ ಗಂಟೆ

ಕಡಲ ತಳದಲ್ಲಿ ಮುಳುಗಿದ ಹಡಗೊಂದರ ಗಂಟೆ ಬಹುಕಾಲದಿಂದ ಒಂಟಿಯಾಗಿ ತೂಗುತ್ತಿತ್ತು. ಅದನ್ನು ಮಾತಾಡಿಸಲು ಯಾರೂ ಅತ್ತ ಸುಳಿದಿರಲಿಲ್ಲ. ಒಂದು ದಿನ ಮುರುಮೀನೊಂದು ಗಾಬರಿಯಿಂದ ಒಳನುಗ್ಗಿ ಅದರ ಹಿಂದೆ ಅಡಗಿತು. ಈಟಿ ಹಿಡಿದ ಮುಳುಗುಗಾರನೊಬ್ಬ ಬೆನ್ನಟ್ಟಿ ಬಂದ. ಅವನ ಕಾಲಬಡಿತಕ್ಕೆ ಹೂಳೆದ್ದು ನೀರೆಲ್ಲ ರಾಡಿಯಾಯಿತು. ಬಂದ ದಾರಿ ಕಾಣದೆ ಅವನು ಕುರುಡನಂತೆ ತಡಕಾಡತೊಡಗಿದ.

“ಗಂಟೆಯಣ್ಣ, ಅವನ ಈಟಿ ತಗುಲಿದರೂ ಸದ್ದು ಮಾಡಬೇಡ,” ಎಂದು ಮೀನು ಬೇಡಿಕೊಂಡಿತು. “ಬೆನ್ನ ಮೇಲಿನ ಸಿಲಿಂಡರಿನ ಗಾಳಿ ತೀರಿದರೆ ಅವನು ಇಲ್ಲೇ ಉಳಿಯುತ್ತಾನೆ. ನನ್ನ ಜೀವ ಉಳಿಯುತ್ತದೆ, ನಿನಗೊಂದು ಜೊತೆಯಾಗುತ್ತದೆ.”

ಜೊತೆ ಎಂಬ ಮಾತಿಗೆ ಗಂಟೆಯ ಮನಸ್ಸು ಅರೆಗಳಿಗೆ ಸೋತಿತು.

“ಉಸಿರಿಲ್ಲದವನು ಎಂಥ ಜೊತೆ, ತಮ್ಮಾ? ಹಿಂದಿನ ಬಿರುಕಿನಿಂದ ನೀನು ಪಾರಾಗು,” ಎಂದಿತು.

ಮೀನು ನುಸುಳಿತು. ತನಗೆ ಈಟಿ ತಗುಲಿದ್ದೇ ತಡ, ಗಂಟೆ ಮೈಯೆಲ್ಲ ದನಿಯಾಗಿ ಮೊಳಗಿತು. ಮುಳುಗುಗಾರನಿಗಾಗಿ ಹೊರಗೆ ಕಾಯುತ್ತಿದ್ದ ಗೆಳೆಯ ಸದ್ದಿನ ಜಾಡು ಹಿಡಿದು ಬಂದು, ಅವನ ಕೈಹಿಡಿದು ಕರೆದೊಯ್ದ.

“ಅವನು ನಿನ್ನತ್ತ ಒಮ್ಮೆ ತಿರುಗಿಯೂ ನೋಡಲಿಲ್ಲವಲ್ಲ!” ಎಂದಿತು ಮೀನು, ಬಿರುಕಿನಾಚೆಯಿಂದ.

“ನೋಡಲಿಲ್ಲ ನಿಜ. ಆದರೆ ನಾನು ಕೂಗಿದಾಗ ಒಬ್ಬ ಬಂದ,” ಎಂದಿತು ಗಂಟೆ.

ಮೀನು ಆಗಲೇ ಬಂಡೆಯೊಂದರ ಮರೆ ಹುಡುಕಿಕೊಂಡು ಹೊರಟುಹೋಗಿತ್ತು.