ತಂಬಿಗೆಯ ಸದ್ದಿಗೆ ಬಂದ ಕಾಗೆ

ಕಾಗೆಗಾಗಿ ಕಾಯುವುದು ಸುಲಭದ ಕೆಲಸವಲ್ಲ. ಅದೂ ಹಸಿದ ಹೊಟ್ಟೆಯಲ್ಲಿ.

ನದಿ ದಂಡೆಯ ಮೇಲೆ ಅವಧಾನಿಗಳ ಆಶ್ರಮ. ಸುತ್ತಲಿನ ಊರುಗಳವರು ಸತ್ತವರ ಹತ್ತನೇ ದಿನದ ಕರ್ಮಕ್ಕೆ ಅಲ್ಲಿಗೇ ಬರುತ್ತಿದ್ದರು. ಮಾಡಿಸುತ್ತಿದ್ದವನು ಅವಧಾನಿಗಳ ಶಿಷ್ಯ ನರಹರಿ. ಬಾಳೆಲೆಯ ಮೇಲೆ ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತು. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ.

ಕಾಗೆಗಳೋ, ಅತ್ತಿಮರದ ಮೇಲೆ ಕೂತು ಗಂಡಿನ ಕಡೆಯ ಬೀಗರ ಹಾಗೆ ಬಿಂಕ ಮಾಡುತ್ತಿದ್ದವು. ಕೆಳಗೆ ಮಕ್ಕಳು ಮೊಮ್ಮಕ್ಕಳು ಬಿಸಿಲಲ್ಲಿ ಬೇಯುತ್ತ ಕೈಮುಗಿದು ನಿಂತಿರುತ್ತಿದ್ದರು. ಕಾಗೆ ಮುಟ್ಟುವ ತನಕ ಯಾರಿಗೂ ಊಟವಿಲ್ಲ. ನರಹರಿಗೂ ಇಲ್ಲ.

ಕೊನೆಗೆ ನರಹರಿ ಒಂದು ಉಪಾಯ ಹೂಡಿದ. ಜನರ ಕಷ್ಟ ನೋಡಲಾರದೆ ಮಾಡಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅರ್ಧ ಕನಿಕರ, ಅರ್ಧ ಹಸಿವು.

ಕರ್ಮವಿಲ್ಲದ ದಿನಗಳಲ್ಲಿ ಬೆಳಗ್ಗೆಯೇ ನದಿಗೆ ಹೋಗುವುದು, ತಾಮ್ರದ ತಂಬಿಗೆಯನ್ನು ಕಲ್ಲುಮೆಟ್ಟಿಲಿಗೆ ಠಣ್ಣೆಂದು ಕುಟ್ಟುವುದು, ಕೂಡಲೇ ತುಪ್ಪದನ್ನ ಎರಚುವುದು. ಮತ್ತೆ ಠಣ್, ಮತ್ತೆ ಅನ್ನ. ಮೊದಮೊದಲು ಕಾಗೆಗಳು ಸದ್ದಿಗೆ ಬೆದರಿ ಹಾರಿದವು. ಆಮೇಲೆ ಕತ್ತು ಓರೆ ಮಾಡಿ ಕೇಳಿದವು. ಕೊನೆಗೆ ಅನ್ನ ಕಣ್ಣಿಗೆ ಬೀಳುವ ಮೊದಲೇ, ಠಣ್ ಎಂದದ್ದೇ ತಡ, ಮರ ಬರಿದಾಗುತ್ತಿತ್ತು.

ಅಲ್ಲಿಂದ ಮುಂದೆ ಪಿಂಡ ಇಟ್ಟ ಮೇಲೆ ನರಹರಿ ತಂಬಿಗೆಯನ್ನು ಅದರ ಪಕ್ಕದ ಕಲ್ಲಿನ ಮೇಲೆ ಕೊಂಚ ಜೋರಾಗಿಯೇ ಇಡುತ್ತಿದ್ದ. ಅದೂ ಶಾಸ್ತ್ರವೇ ಇರಬೇಕೆಂದು ಜನ ತಿಳಿದರು. ನರಹರಿಯ ಕೈಗುಣ ದೊಡ್ಡದು, ಅವನು ಮಾಡಿಸಿದರೆ ಕಾಗೆ ಕಾಯಿಸುವುದೇ ಇಲ್ಲ ಎಂದು ಊರೂರಲ್ಲಿ ಹೆಸರಾಯಿತು.

ಅವಧಾನಿಗಳು ಒಮ್ಮೆ ಕೇಳಿದರು. "ಈಗೀಗ ಕಾಗೆ ಬೇಗ ಬರುತ್ತಲ್ಲೋ?"

"ಎಲ್ಲಾ ಪಿತೃಗಳ ಕೃಪೆ, ಗುರುಗಳೇ."

ಅವರು ಅವನ ಮುಖ ನೋಡಿದರು. ಎದ್ದು ಒಳಗೆ ಹೋದರು.

ಒಂದು ದಿನ ಗಂಟು ಹಿಡಿದ ಹೆಂಗಸೊಬ್ಬಳು ಆಶ್ರಮಕ್ಕೆ ಬಂದಳು. ಹೆಸರು ತುಂಗಮ್ಮ.

"ಹೋದ ತಿಂಗಳು ನಮ್ಮಪ್ಪನ ಕರ್ಮ ಇಲ್ಲೇ ಮಾಡಿಸಿದ್ರಂತಲ್ಲ ಸ್ವಾಮಿ, ನನ್ನ ಅಣ್ಣ ವೆಂಕಣ್ಣ, ತಮ್ಮ ಶ್ರೀಪಾದ?"

"ಹೌದಮ್ಮ, ನಾನೇ ಮಾಡಿಸಿದ್ದು."

"ನಾನು ಗಂಡ ಬಿಟ್ಟವಳು. ದೂರದ ಊರಲ್ಲಿ ಅವರಿವರ ಮನೆ ಅಡುಗೆ ಮಾಡ್ಕೊಂಡಿದ್ದೆ. ಸುದ್ದಿ ಮುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ತವರಲ್ಲಿ ಒಂದು ಮೂಲೆ ಕೊಡ್ರೋ ಅಂತ ಕೇಳ್ದೆ. ಅಪ್ಪ ನಿನ್ನ ವಿಷಯ ಏನೂ ಹೇಳಲಿಲ್ಲ ಅಂದ್ರು. ಅವನ ಮನಸ್ಸಲ್ಲಿ ಏನಾದ್ರೂ ಉಳಿದಿದ್ರೆ ಕಾಗೆ ಮುಟ್ಟುತ್ತಿತ್ತಾ, ಇಟ್ಟ ಕೂಡಲೇ ಮುಟ್ಟಿತು ಅಂದ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೂಲೆ ಹೋಗ್ಲಿ. ಎಲ್ಲೋ ಬೇಯಿಸಿ ತಿಂತೀನಿ. ಇದೊಂದು ಹೇಳಿ ಸ್ವಾಮಿ. ಕಾಗೆ ಒಂದು ಗಳಿಗೆಯೂ ತಡ ಮಾಡ್ಲಿಲ್ವಾ? ಅಪ್ಪನಿಗೆ ನನ್ನ ನೆನಪು ಅಷ್ಟೂ ಬರ್ಲಿಲ್ವಾ?"

ನರಹರಿ ಅತ್ತಿಮರದ ಕಡೆ ನೋಡಿದ. ಜಗಲಿಯಲ್ಲಿ ಕೂತಿದ್ದ ಅವಧಾನಿಗಳು ಹೇಳಿದರು. "ಕೇಳ್ತಾ ಇದ್ದಾಳಲ್ಲ, ಹೇಳಪ್ಪ."

"ಬೇಗ... ಬೇಗನೇ ಬಂತಮ್ಮ."

ಆಡಿದ್ದು ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕಡೆಯಾಗಿತ್ತು. ತುಂಗಮ್ಮ ಸುಮ್ಮನೆ ತಲೆ ಆಡಿಸಿದಳು. ಆ ತಲೆ ಆಡಿಸುವುದನ್ನು ನೋಡುತ್ತ ನಿಲ್ಲಲು ನರಹರಿಗೆ ಆಗಲಿಲ್ಲ.

"ಮಾಸಿಕಕ್ಕೆ ನಿನ್ನ ಅಣ್ಣ ತಮ್ಮ ಇಲ್ಲಿಗೇ ಬರ್ತಾರೆ ತಾಯಿ, ಅಲ್ಲಿವರೆಗೆ ಇಲ್ಲಿರು" ಎಂದರು ಅವಧಾನಿಗಳು.

ಸಂಜೆ ತುಂಗಮ್ಮ ನದಿಯಿಂದ ನೀರು ತಂದು, ತಂಬಿಗೆಯನ್ನು ಅಡುಗೆಮನೆಯ ಕಲ್ಲಿನ ಮೇಲೆ ಇಟ್ಟಳು. ಠಣ್.

ನರಹರಿಯ ಬಾಯಲ್ಲಿ ನೀರೂರಿತು.

ಒಲೆ ಇನ್ನೂ ಹಚ್ಚಿರಲಿಲ್ಲ. ಅನ್ನದ ವಾಸನೆಯೂ ಇರಲಿಲ್ಲ. ಠಣ್ ಎಂದರೆ ಕಾಗೆ ಬರುತ್ತದೆ, ಕಾಗೆ ಬಂದರೆ ಊಟ. ಇಷ್ಟು ದಿನ ಕಾಗೆಗಳಿಗೆ ಪಾಠ ಹೇಳುತ್ತಿದ್ದೇನೆ ಎಂದುಕೊಂಡಿದ್ದವನು ಅವುಗಳ ಜೊತೆ ತಾನೂ ಪಾಠ ಕಲಿತಿದ್ದ. ಯಾರದೋ ಅಪ್ಪನ ಪಿಂಡ ಅವನಿಗೆ ತನ್ನ ಊಟದ ಗಂಟೆಯಾಗಿತ್ತು. ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಎಂಜಲು ನುಂಗಲೂ ನಾಚಿಕೆಯಾಯಿತು.

ಹೋಗಿ ಗುರುಗಳ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ. "ಅವತ್ತು ನಿಮಗೂ ಸುಳ್ಳು ಹೇಳಿದೆ. ಏನು ಪ್ರಾಯಶ್ಚಿತ್ತ, ಗುರುಗಳೇ? ಉಪವಾಸ ಮಾಡಲೇ?"

"ನೀನು ಹಸಿದರೆ ಅವಳ ಹೊಟ್ಟೆ ತುಂಬುತ್ತದೆಯೋ?"

ಅವಧಾನಿಗಳೇ ಮತ್ತೆ ಕೇಳಿದರು.

"ಮೊದಲೆಲ್ಲ ಕಾಗೆ ತಡ ಮಾಡಿದಾಗ ಜನ ಏನು ಮಾಡ್ತಿದ್ರು?"

ಅವನಿಗೆ ನೆನಪಾಯಿತು. ಒತ್ತಿಕೊಂಡ ಬದು ಬಿಟ್ಟುಕೊಡ್ತೀನಿ ಅಪ್ಪಾ ಎಂದು ಒಬ್ಬ ಕೂಗಿದ್ದ. ತಮ್ಮನನ್ನು ಮಾತಾಡಿಸ್ತೀನಿ ಅವ್ವಾ ಎಂದು ಇನ್ನೊಬ್ಬ ಅತ್ತಿದ್ದ. ಹತ್ತು ಜನರೆದುರು ಆಡಿದ ಮಾತನ್ನು ಯಾರೂ ತಪ್ಪುತ್ತಿರಲಿಲ್ಲ.

"ಒಳಗೆ ಇದ್ದದ್ದನ್ನ ಬಾಯಿಬಿಟ್ಟು ಹೇಳ್ತಿದ್ರು, ಗುರುಗಳೇ. ಮಾತು ಕೊಡ್ತಿದ್ರು."

"ಈಗ?"



"ಈಗ ಊಟಕ್ಕೆ ಏಳ್ತಾರೆ."

ಮಾಸಿಕದ ದಿನ ವೆಂಕಣ್ಣ, ಶ್ರೀಪಾದ ಇಬ್ಬರೂ ಬಂದರು. ತಂಗಿಯನ್ನು ನೋಡಿ ವೆಂಕಣ್ಣ ಮುಖ ತಿರುಗಿಸಿದ. ಶ್ರೀಪಾದ ಅಕ್ಕನನ್ನು ನೋಡಿಯೂ ನೋಡದವನ ಹಾಗೆ ಪಂಚೆ ಸರಿಮಾಡಿಕೊಂಡ.

ನರಹರಿ ಪಿಂಡ ಇಡಿಸಿದ. ತಂಬಿಗೆ ಹಿಡಿದ ಕೈ ತಾನಾಗಿಯೇ ಮೇಲೆದ್ದಿತು. ಅವನು ಇನ್ನೊಂದು ಕೈಯಿಂದ ಅದನ್ನು ಹಿಡಿದು, ತಂಬಿಗೆಯನ್ನು ಮರಳಿನ ಮೇಲೆ ಸದ್ದಾಗದಂತೆ ಇಟ್ಟ.

ಕಾಗೆಗಳು ಅಲುಗಲಿಲ್ಲ. ಪಿಂಡವನ್ನು ಅವು ನೋಡುತ್ತಲೇ ಇರಲಿಲ್ಲ. ಅವುಗಳ ಕಣ್ಣೆಲ್ಲ ತಂಬಿಗೆಯ ಮೇಲಿತ್ತು.

ಬಿಸಿಲು ನೆತ್ತಿಗೆ ಬಂತು.

"ಏನು ಸ್ವಾಮಿ ಇದು?" ವೆಂಕಣ್ಣ ಕೇಳಿದ. "ಅವತ್ತು ಇಟ್ಟ ಕೂಡಲೇ ಬಂದಿತ್ತಲ್ಲ?"

ಒಂದು ಸಲ ಕುಟ್ಟಿದರೆ ಮುಗಿಯಿತು. ಇವರು ಕೈಮುಗಿದು ಹೋಗುತ್ತಾರೆ, ಹೆಸರು ಉಳಿಯುತ್ತದೆ, ತುಂಗಮ್ಮ ಗಂಟು ಎತ್ತಿಕೊಂಡು ಬಂದ ದಾರಿ ಹಿಡಿಯುತ್ತಾಳೆ. ನರಹರಿ ಅದನ್ನು ಯೋಚಿಸಿದ. ಯೋಚಿಸಿದ್ದಕ್ಕೆ ಮತ್ತೊಮ್ಮೆ ನಾಚಿದ.

ಅವನು ತಂಬಿಗೆ ಎತ್ತಿಕೊಂಡು ಪಿಂಡದಿಂದ ದೂರ, ಬರಿಯ ಮೆಟ್ಟಿಲ ಹತ್ತಿರ ಹೋದ. ಎಲ್ಲರೂ ನೋಡುತ್ತಿರುವಂತೆ ಕಲ್ಲಿಗೆ ಕುಟ್ಟಿದ.

ಮರದ ಕಾಗೆಗಳೆಲ್ಲ ಒಮ್ಮೆಲೇ ಬಂದು ಅವನ ಸುತ್ತ ಇಳಿದವು. ಬರಿಗಲ್ಲನ್ನು ಕುಕ್ಕಿದವು. ಬಾಳೆಲೆಯ ಕಡೆಗೆ ಒಂದೂ ಹೋಗಲಿಲ್ಲ.

"ಅವತ್ತು ಬಂದದ್ದೂ ಹೀಗೇ" ಎಂದ ನರಹರಿ. "ನಾನೇ ಅನ್ನ ಹಾಕಿ ಹಾಕಿ ಕಲಿಸಿದ್ದೆ. ನಿಮ್ಮಪ್ಪನಿಗೆ ತೃಪ್ತಿಯಾಗಿ ಬಂದದ್ದಲ್ಲ. ನಿಮಗೂ ಮೋಸ ಮಾಡಿದೆ. ಈ ತಾಯಿಗೆ ಅದಕ್ಕಿಂತ ದೊಡ್ಡ ಮೋಸ ಮಾಡಿದೆ."

ತುಂಗಮ್ಮ ಮರಕ್ಕೆ ಒರಗಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು.

"ಥೂ! ಸತ್ತವರ ಹೆಸರಲ್ಲಿ ಆಟ ಆಡಿದೆಯಲ್ಲೋ!" ವೆಂಕಣ್ಣ ಅವನ ಮುಖಕ್ಕೇ ಉಗಿದ.

ನರಹರಿ ಒರೆಸಿಕೊಳ್ಳಲಿಲ್ಲ.

ವೆಂಕಣ್ಣ ಏದುಸಿರು ಬಿಡುತ್ತ ಅವಧಾನಿಗಳ ಕಡೆ ತಿರುಗಿದ. "ನೀವೇ ಹೇಳಿ ಸ್ವಾಮಿ. ನಿಮ್ಮ ಶಿಷ್ಯ ಈ ದಂಡೆಯ ಕಾಗೆಗಳನ್ನೆಲ್ಲ ಕೆಡಿಸಿಟ್ಟ. ಇನ್ನು ನಮ್ಮಪ್ಪನ ಮನಸ್ಸಲ್ಲಿ ಏನು ಉಳಿದಿತ್ತು ಅಂತ ನಾವು ಯಾರನ್ನ ಕೇಳೋಣ?"

ಶ್ರೀಪಾದ ತಲೆ ತಗ್ಗಿಸಿದ.

ಅವಧಾನಿಗಳು ಇಬ್ಬರನ್ನೂ ನೋಡಿದರು.

"ನಿಮ್ಮಪ್ಪ ಪ್ರಾಣ ಬಿಡುವಾಗ ಪಕ್ಕದಲ್ಲಿ ಕೂತಿದ್ದದ್ದು ಕಾಗೆಯೋ, ನೀವೋ?"